‘ಬಹುದು’ ಬಿಡಿಸಿ ನೋಡಿದಾಗ: ಇಂಗ್ಲಿಷಿನ ಕ್ಯಾನ್, ಕುಡ್, ಮೇ, ಮೈಟ್

(ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ವಿದ್ಯಾರ್ಥಿಗಳು ಮತ್ತು ಅವರ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ಕ್ರಿಯಾರೂಪಗಳನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ‘ಹೋಗಲಿ’ ಎಂಬುದು ವಿಧ್ಯರ್ಥ, ‘ಹೋಗನು’ ಎಂಬುದು ನಿಷೇಧಾರ್ಥ, ‘ಹೋದಾನು’ ಎಂಬುದು ಸಂಭಾವನಾರ್ಥ. ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮುಗಿಸಿದ ಮೇಲೆ ಆ ಪಾಠವನ್ನು ಯಾರೂ ಇಂಗ್ಲಿಷ್ ತರಗತಿಗೆ ಕೊಂಡೊಯ್ಯುವುದಿಲ್ಲ. ಕೊಂಡೊಯ್ಯಿರಿ ಎಂದು ಹೇಳುವ ಮೇಷ್ಟ್ರೂ ಅಪರೂಪ. ಇಂಗ್ಲಿಷಿನಲ್ಲಿ ಸಾಮರ್ಥ್ಯವನ್ನೂ ಸಾಧ್ಯತೆಯನ್ನೂ ಹೇಳುವ ‘ಕ್ಯಾನ್’, ‘ಕುಡ್’, ‘ಮೇ’, ‘ಮೈಟ್’ ಎಂಬ ಸಹಾಯಕ ಕ್ರಿಯಾಪದಗಳ ಬಳಕೆಯಲ್ಲಿ ನಾವು ಎಡವುವ ಹೆಚ್ಚಿನ ಜಾಗಗಳಲ್ಲಿ, ಅಲ್ಲಿ ಬೇಕಾದ ವ್ಯತ್ಯಾಸವು ನಮ್ಮ ಭಾಷೆಯಲ್ಲಿ ಆಗಲೇ ಇದೆ ಎಂಬುದು ನನ್ನ ಇಂದಿನ ವಾದ. ಅದನ್ನು ಮರೆಮಾಡಿರುವುದು ‘ಬಹುದು’ ಎಂಬ ಒಂದೇ ಒಂದು ರೂಪ.

ಮೂರು ವಾಕ್ಯಗಳನ್ನು ಗಮನಿಸಿ. ‘ಕೆಲಸ ಮುಗಿಯಿತು, ನೀವು ಇನ್ನು ಹೋಗಬಹುದು.’ ‘ಅವರು ಈಗ ಮನೆಯಲ್ಲಿರಬಹುದು.’ ‘ಈ ಡಬ್ಬದಲ್ಲಿ ಹತ್ತು ಕೆಜಿ ಅಕ್ಕಿ ತುಂಬಬಹುದು.’ ಮೊದಲನೆಯದು ಅನುಮತಿ, ಎರಡನೆಯದು ಊಹೆ, ಮೂರನೆಯದು ಡಬ್ಬದ ಅಳತೆ. ಕನ್ನಡದಲ್ಲಿ ಸಂದರ್ಭವೇ ಅರ್ಥವನ್ನು ತೂಗಿ ಕೊಡುವುದರಿಂದ ಕೇಳುವವರಿಗೆ ಗೊಂದಲವಾಗುವುದಿಲ್ಲ. ಆದರೆ ಇದೇ ಮೂರನ್ನು ಇಂಗ್ಲಿಷಿಗೆ ತರುವಾಗ ‘ಬಹುದು ಎಂದರೆ ಮೇ’ ಎಂದೋ ‘ಬಹುದು ಎಂದರೆ ಕ್ಯಾನ್’ ಎಂದೋ ಒಂದು ಸಮೀಕರಣವನ್ನು ಕಲಿತುಬಿಟ್ಟರೆ ಮೂರರಲ್ಲಿ ಒಂದಾದರೂ ಕೆಡುತ್ತದೆ.

ಮೊದಲು ಈ ಕ್ರಿಯಾಪದಗಳ ಮೈಕಟ್ಟನ್ನು ಸ್ವಲ್ಪ ನೋಡೋಣ. ಇವುಗಳಿಗೆ ‘ಹಿ ಕ್ಯಾನ್ಸ್’ ಎಂಬ ರೂಪವಿಲ್ಲ, ‘ಟು ಕ್ಯಾನ್’ ಇಲ್ಲ, ‘ಕ್ಯಾನಿಂಗ್’ ಇಲ್ಲ, ಪ್ರಶ್ನೆ ಕೇಳಲು ‘ಡು’ವಿನ ನೆರವೂ ಬೇಡ. ಈ ವಿಚಿತ್ರಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ‘ಕ್ಯಾನ್’ ಮತ್ತು ‘ಮೇ’ ಹಳೆಯ ಇಂಗ್ಲಿಷಿನ ‘ಕುನ್ನನ್’ ಮತ್ತು ‘ಮಗನ್’ ಎಂಬ ಕ್ರಿಯಾಪದಗಳಿಂದ ಬಂದವು. ಅವುಗಳ ವರ್ತಮಾನ ರೂಪಗಳು ಅದಕ್ಕೂ ಹಿಂದಿನ ಘಟ್ಟದಲ್ಲಿ ಭೂತಕಾಲದ ರೂಪಗಳಾಗಿದ್ದವು. ಇಂಗ್ಲಿಷಿನ ಭೂತಕಾಲದಲ್ಲಿ ‘ಹಿ ಸ್ಯಾಂಗ್’ ಎನ್ನುವಾಗ ಕೊನೆಗೆ ‘ಎಸ್’ ಹತ್ತುವುದಿಲ್ಲವಷ್ಟೆ. ಅದೇ ಕಾರಣಕ್ಕೆ ‘ಹಿ ಕ್ಯಾನ್’ ಎನ್ನುವಲ್ಲಿಯೂ ಹತ್ತುವುದಿಲ್ಲ. ‘ಕುನ್ನನ್’ ಎಂದರೆ ತಿಳಿದಿರುವುದು, ‘ಮಗನ್’ ಎಂದರೆ ಶಕ್ತಿಯಿರುವುದು. ಸಾಮರ್ಥ್ಯದ ಮಾತು ಒಂದು ಕಾಲದಲ್ಲಿ ‘ಮೇ’ಯ ಪಾಲಿನದಾಗಿತ್ತು, ಕ್ರಮೇಣ ಆ ಜಾಗವನ್ನು ‘ಕ್ಯಾನ್’ ಹಿಡಿದು, ‘ಮೇ’ ಸಾಧ್ಯತೆ ಮತ್ತು ಅನುಮತಿಯ ಕಡೆಗೆ ಸರಿಯಿತು. ನಮ್ಮ ‘ಬಲ್ಲ’ ಕೂಡ ಮೂಲದಲ್ಲಿ ‘ತಿಳಿದ’ ಎಂಬ ಅರ್ಥದ್ದೇ. ‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎಂಬ ಗಾದೆಯಲ್ಲಿ ಅದು ಇನ್ನೂ ಹಾಗೆಯೇ ಇದೆ. ಇನ್ನು ‘ಕುಡ್’ ಎಂಬುದರ ಕಾಗುಣಿತದಲ್ಲಿ ಕೂತಿರುವ ‘ಎಲ್’ ಅಕ್ಷರದ ಬಗ್ಗೆ ಹೇಳುವುದಾದರೆ, ಅದು ‘ವುಡ್’ ಮತ್ತು ‘ಶುಡ್’ಗಳನ್ನು ನೋಡಿ ಹಿಂದಿನವರು ಸೇರಿಸಿದ್ದು; ಆ ಎರಡಕ್ಕೂ ‘ವಿಲ್’, ‘ಶಲ್’ಗಳಿಂದ ಬಂದ ನಿಜವಾದ ‘ಎಲ್’ ಇದೆ, ‘ಕುಡ್’ಗೆ ಇರಲಿಲ್ಲ. ಉಚ್ಚರಿಸದ ಅಕ್ಷರವನ್ನು ಯಾಕೆ ಬರೆಯಬೇಕು ಎಂದು ಕೇಳುವ ಮಕ್ಕಳ ಪ್ರಶ್ನೆ ನ್ಯಾಯವಾದದ್ದೇ.

ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ‘ಐ ಕ್ಯಾನ್ ಏಬಲ್ ಟು ಡು’ ಎಂಬ ತಪ್ಪಿನ ಮೂಲವೂ ಇಲ್ಲೇ ಇದೆ. ‘ಏಬಲ್’ ಕ್ರಿಯಾಪದವಲ್ಲ, ಗುಣವಾಚಕ. ಅದಕ್ಕೆ ‘ಆಮ್’, ‘ಈಸ್’, ‘ವಾಸ್’ ಮುಂತಾದ ಆಸರೆ ಬೇಕು. ‘ಕ್ಯಾನ್’ ಬಂದರೆ ‘ಏಬಲ್’ ಬೇಡ, ‘ಏಬಲ್’ ಬಂದರೆ ‘ಕ್ಯಾನ್’ ಬೇಡ. ಹಾಗಾದರೆ ಒಂದೇ ಅರ್ಥಕ್ಕೆ ಎರಡು ಯಾಕಿವೆ ಎಂದರೆ, ‘ಕ್ಯಾನ್’ ಹೋಗಲಾರದ ಜಾಗಗಳಿಗೆ ‘ಬಿ ಏಬಲ್ ಟು’ ಹೋಗುತ್ತದೆ. ಪ್ರಮಾಣ ಇಂಗ್ಲಿಷಿನಲ್ಲಿ ಎರಡು ಮೋಡಲ್‌ಗಳು, ಅಂದರೆ ‘ಕ್ಯಾನ್’, ‘ಮೇ’, ‘ವಿಲ್’ನಂಥ ಸಹಾಯಕ ಕ್ರಿಯಾಪದಗಳು, ಒಟ್ಟಿಗೆ ನಿಲ್ಲುವುದಿಲ್ಲವಾದ್ದರಿಂದ ‘ವಿಲ್ ಕ್ಯಾನ್’ ಎನ್ನಲು ಬರುವುದಿಲ್ಲ, ‘ವಿಲ್ ಬಿ ಏಬಲ್ ಟು’ ಎನ್ನಬೇಕು. (ಸ್ಕಾಟ್ಲೆಂಡಿನ ಕೆಲವು ಕಡೆ ಮತ್ತು ಅಮೆರಿಕದ ದಕ್ಷಿಣ ಭಾಗದಲ್ಲಿ ‘ಮೈಟ್ ಕುಡ್’ ಎಂದು ಎರಡನ್ನು ಜೋಡಿಸಿ ಮಾತನಾಡುವವರಿದ್ದಾರೆ. ಅವರ ಮಾತು ಅವರಿಗೆ ಸರಿ. ನಮ್ಮ ಪರೀಕ್ಷೆಯ ಉತ್ತರಪತ್ರಿಕೆಗೆ ಸರಿಯಲ್ಲ.)

ಈಗ ಸಾಮರ್ಥ್ಯಕ್ಕೆ ಬರೋಣ. ಇಲ್ಲಿ ಕನ್ನಡವೇ ಹೆಚ್ಚು ಸೂಕ್ಷ್ಮ. ‘ನನಗೆ ಕಾರು ಓಡಿಸಲು ಬರುತ್ತದೆ’ ಎಂಬುದು ಕಲಿತ ವಿದ್ಯೆಯ ಮಾತು. ‘ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದಿದ್ದೇನೆ, ಇವತ್ತು ಓಡಿಸಲು ಆಗುವುದಿಲ್ಲ’ ಎಂಬುದು ಪರಿಸ್ಥಿತಿಯ ಮಾತು. ನಾವು ‘ಬರುತ್ತದೆ’ಯನ್ನೂ ‘ಆಗುತ್ತದೆ’ಯನ್ನೂ ಎಂದೂ ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನವರಿಗೆ ಎರಡಕ್ಕೂ ‘ಕ್ಯಾನ್’ ಒಂದೇ ಸಾಕು. ಆದ್ದರಿಂದ ಈ ಭಾಗದಲ್ಲಿ ಕನ್ನಡಿಗರು ತಪ್ಪುವುದು ಕಡಿಮೆ, ಒಂದು ಮೂಲೆಯನ್ನು ಬಿಟ್ಟು. ಆ ಮೂಲೆ ಇಂದ್ರಿಯಗಳದ್ದು.

ಆನ್‌ಲೈನ್ ಸಭೆ ಶುರುವಾದ ಕೂಡಲೇ ಕೇಳಿಬರುವ ಮೊದಲ ವಾಕ್ಯ ನಿಮಗೆಲ್ಲ ಗೊತ್ತು: ‘ಆಮ್ ಐ ಆಡಿಬಲ್?’ ಅದಕ್ಕೆ ಬರುವ ಉತ್ತರ, ‘ಯೆಸ್, ವಿ ಆರ್ ಹಿಯರಿಂಗ್ ಯು.’ ವ್ಯಾಕರಣದ ಲೆಕ್ಕದಲ್ಲಿ ಮೊದಲನೆಯದು ತಪ್ಪಲ್ಲ, ಭಾರತದ ಹೊರಗೆ ಅಷ್ಟಾಗಿ ಯಾರೂ ಹಾಗೆ ಕೇಳುವುದಿಲ್ಲ, ಅಷ್ಟೆ. ಎರಡನೆಯದು ಮಾತ್ರ ನೇರವಾಗಿ ‘ಕೇಳಿಸುತ್ತಾ ಇದೆ’ ಎಂಬುದರ ನೆರಳು. ಕನ್ನಡದಲ್ಲಿ ಕಾಣಿಸುವುದು, ಕೇಳಿಸುವುದು ತಾವಾಗಿ ನಡೆಯುವ ಕ್ರಿಯೆಗಳು. ನಾವು ಅವುಗಳ ಅನುಭವಿಗಳು ಮಾತ್ರ. ಹಾಗಾಗಿ ಅಲ್ಲಿ ಸಾಮರ್ಥ್ಯದ ಪ್ರಸ್ತಾಪವೇ ನಮಗೆ ಹೊಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಸೀ, ಹಿಯರ್, ಸ್ಮೆಲ್, ಫೀಲ್ ಮುಂತಾದ ಕ್ರಿಯಾಪದಗಳು ಈ ಕ್ಷಣದ ಅನುಭವವನ್ನು ಹೇಳುವಾಗ ಸಾಮಾನ್ಯವಾಗಿ ‘ಇಂಗ್’ ರೂಪವನ್ನು ಒಲ್ಲವು. ಬದಲಿಗೆ ‘ಕ್ಯಾನ್’ ಬೇಡುತ್ತವೆ. ‘ಕ್ಯಾನ್ ಯು ಹಿಯರ್ ಮಿ?’, ‘ಐ ಕ್ಯಾನ್ ಸೀ ಯುವರ್ ಸ್ಕ್ರೀನ್’, ‘ಐ ಕ್ಯಾನ್ ಸ್ಮೆಲ್ ಗ್ಯಾಸ್’ ಎಂಬ ವಾಕ್ಯಗಳಲ್ಲಿ ಯಾರೂ ತಮ್ಮ ಕಿವಿ ಕಣ್ಣು ಮೂಗುಗಳ ಪ್ರತಿಭೆಯನ್ನು ಸಾರುತ್ತಿಲ್ಲ. ‘ಗ್ಯಾಸಿನ ವಾಸನೆ ಬರುತ್ತಿದೆ’ ಎಂದು ಹೇಳುವ ಇಂಗ್ಲಿಷಿನ ರೂಢಿಯೇ ಅದು.

ಭೂತಕಾಲದ ಸಾಮರ್ಥ್ಯವನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ತಪ್ಪು ಉದ್ಯೋಗದ ಸಂದರ್ಶನದಲ್ಲಿ ದುಬಾರಿಯಾಗುತ್ತದೆ. ‘ಕ್ಯಾನ್’ನ ಭೂತಕಾಲ ‘ಕುಡ್’ ಎಂದು ಪಟ್ಟಿಯಲ್ಲಿ ಓದಿದ ಅಭ್ಯರ್ಥಿಯೊಬ್ಬರು ‘ಪ್ರಾಜೆಕ್ಟನ್ನು ಮೂರೇ ತಿಂಗಳಲ್ಲಿ ಮುಗಿಸಲು ನನಗೆ ಸಾಧ್ಯವಾಯಿತು’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಐ ಕುಡ್ ಕಂಪ್ಲೀಟ್ ದ ಪ್ರಾಜೆಕ್ಟ್ ಇನ್ ತ್ರೀ ಮಂತ್ಸ್’ ಎನ್ನುತ್ತಾರೆ. ಮೇಜಿನ ಆ ಕಡೆ ಕೂತವರಿಗೆ ಕೇಳಿಸುವುದು ‘ಮೂರು ತಿಂಗಳಲ್ಲಿ ಮುಗಿಸಬಲ್ಲೆ, ಅವಕಾಶ ಕೊಟ್ಟರೆ’ ಎಂದು. ಮಾಡಿ ತೋರಿಸಿದ ಕೆಲಸವೊಂದು ಕೇವಲ ಭರವಸೆಯಾಗಿ ಇಳಿದುಹೋಗುತ್ತದೆ. ಯಾಕೆಂದರೆ ‘ಕುಡ್’ ಸಾಮಾನ್ಯವಾಗಿ ಇದ್ದ ಶಕ್ತಿಯನ್ನು ಹೇಳುತ್ತದೆಯೇ ಹೊರತು, ಒಂದು ದಿನ ಒಂದು ಸಲ ಆ ಶಕ್ತಿ ಫಲ ಕೊಟ್ಟಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಲು ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬೇಕು. ಅದಕ್ಕಿಂತ ಒಳ್ಳೆಯದು ‘ಐ ಕಂಪ್ಲೀಟೆಡ್’ ಎಂದು ನೇರವಾಗಿ ಹೇಳಿಬಿಡುವುದು.

ಈ ವ್ಯತ್ಯಾಸ ನಮಗೆ ಹೊಸದೇ? ಅಲ್ಲ. ‘ಚಿಕ್ಕಂದಿನಲ್ಲಿ ನನಗೆ ಒಂದೇ ಉಸಿರಿಗೆ ಕೆರೆ ದಾಟಲು ಆಗುತ್ತಿತ್ತು’ ಎಂಬುದಕ್ಕೂ ‘ಅವತ್ತು ಹೇಗೋ ಕೆರೆ ದಾಟಲು ಆಯಿತು’ ಎಂಬುದಕ್ಕೂ ಇರುವ ಅಂತರ ಇದೇ. ‘ಆಗುತ್ತಿತ್ತು’, ‘ಬರುತ್ತಿತ್ತು’ ಎನ್ನುವಲ್ಲಿ ‘ಕುಡ್’ ಹಾಕಿ. ‘ಆಯಿತು’, ‘ಸಾಧ್ಯವಾಯಿತು’ ಎನ್ನುವಲ್ಲಿ ‘ವಾಸ್ ಏಬಲ್ ಟು’ ಹಾಕಿ. ಈ ಒಂದು ಪರೀಕ್ಷೆ ಬಹುಪಾಲು ವಾಕ್ಯಗಳಿಗೆ ಸಾಕು. ನಿಷೇಧದಲ್ಲಿ ಈ ತೊಡಕಿಲ್ಲ. ‘ಆಗುತ್ತಿರಲಿಲ್ಲ’ ಮತ್ತು ‘ಆಗಲಿಲ್ಲ’ ಎರಡಕ್ಕೂ ‘ಕುಡ್ನಾಟ್’ ನಡೆಯುತ್ತದೆ, ಏಕೆಂದರೆ ಶಕ್ತಿಯೇ ಇಲ್ಲವೆಂದ ಮೇಲೆ ಫಲದ ಮಾತು ಉಳಿಯುವುದಿಲ್ಲ. ಹಿಂದೆ ಹೇಳಿದ ಇಂದ್ರಿಯಗಳ ಕ್ರಿಯಾಪದಗಳಿಗೂ ರಿಯಾಯಿತಿ ಇದೆ: ‘ರಾತ್ರಿ ಯಾರೋ ಅಳುವುದು ಕೇಳಿಸಿತು’ ಎನ್ನಲು ‘ಐ ಕುಡ್ ಹಿಯರ್ ಸಮ್‌ಒನ್ ಕ್ರೈಯಿಂಗ್’ ಎಂದರೆ ಸರಿಯಾಗಿಯೇ ಇರುತ್ತದೆ.

ಭವಿಷ್ಯದ ವಿಚಾರ ಚಿಕ್ಕದು. ಈಗಲೇ ತೀರ್ಮಾನಿಸಬಹುದಾದ ನಾಳೆಯ ಕೆಲಸಕ್ಕೆ ‘ಐ ಕ್ಯಾನ್ ಕಮ್ ಟುಮಾರೊ’ ಸಾಕು. ಈಗ ಇಲ್ಲದ, ಮುಂದೆ ಬರಲಿರುವ ಸಾಮರ್ಥ್ಯಕ್ಕೆ ಮಾತ್ರ ‘ವಿಲ್ ಬಿ ಏಬಲ್ ಟು’.

ಇನ್ನು ಸಾಧ್ಯತೆ. ಉಪನ್ಯಾಸದ ತಿರುಳು ಇದೇ. ‘ನಾಳೆ ಮಳೆ ಬರಬಹುದು’ ಎಂಬುದನ್ನು ‘ಇಟ್ ಕ್ಯಾನ್ ರೇನ್ ಟುಮಾರೊ’ ಎಂದು ಬರೆದ ವಿದ್ಯಾರ್ಥಿಗೆ ಕೆಂಪು ಗೆರೆ ಬೀಳುತ್ತದೆ. ‘ಆಗುಂಬೆಯಲ್ಲಿ ಅಕ್ಟೋಬರಿನಲ್ಲೂ ಜೋರಾಗಿ ಮಳೆ ಬರಬಹುದು’ ಎಂಬುದನ್ನು ‘ಇಟ್ ಕ್ಯಾನ್ ರೇನ್ ಹೆವಿಲಿ ಇನ್ ಆಗುಂಬೆ ಈವನ್ ಇನ್ ಅಕ್ಟೋಬರ್’ ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಎರಡರಲ್ಲೂ ಮಳೆ, ಎರಡರಲ್ಲೂ ‘ಬಹುದು’. ಒಂದು ಯಾಕೆ ತಪ್ಪು, ಇನ್ನೊಂದು ಯಾಕೆ ಸರಿ ಎಂದು ಆ ವಿದ್ಯಾರ್ಥಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಬಿಡಿಸುವ ಸಾಧನ ಸಂಭಾವನಾರ್ಥಕದಲ್ಲಿದೆ. ‘ನಾಳೆ ಮಳೆ ಬಂದೀತು’ ಎಂದು ನೋಡಿ: ಇದು ನಾಳೆ ಎಂಬ ಒಂದು ನಿರ್ದಿಷ್ಟ ದಿನದ ಬಗ್ಗೆ ಮಾತನಾಡುವವನ ಅಂದಾಜು. ಅಂದಾಜಿಗೆ ಇಂಗ್ಲಿಷಿನಲ್ಲಿ ‘ಮೇ’, ‘ಮೈಟ್’ ಅಥವಾ ‘ಕುಡ್’. ಆಗುಂಬೆಯ ವಾಕ್ಯವನ್ನು ‘ಅಕ್ಟೋಬರಿನಲ್ಲೂ ಮಳೆ ಬರುವುದುಂಟು’ ಎಂದು ಮಾಡಿ ನೋಡಿ, ಅರ್ಥ ಒಂದಿಷ್ಟೂ ಕೆಡುವುದಿಲ್ಲ. ಅದು ಆ ಊರಿನ ಸ್ವಭಾವವನ್ನು ತಿಳಿದು ಹೇಳಿದ ಮಾತು, ಯಾರ ಅಂದಾಜೂ ಅಲ್ಲ. ಈ ‘ಉಂಟು’ ಹೊಂದುವ ಕಡೆ ‘ಕ್ಯಾನ್’. ಮೂರನೆಯದಾಗಿ ‘ಅಡ್ಡಿಯಿಲ್ಲ’ ಎಂದು ಹಾಕಿದರೆ ಹೊಂದುವ ‘ಬಹುದು’ ಅನುಮತಿಯದು. ‘ನೀವು ಹೋಗಲು ಅಡ್ಡಿಯಿಲ್ಲ’ ಎನ್ನುವಲ್ಲಿ ಔಪಚಾರಿಕವಾದರೆ ‘ಮೇ’, ಸಲಿಗೆಯಾದರೆ ‘ಕ್ಯಾನ್’. ಹೀಗೆ ‘ಬಹುದು’ ಬಂದಾಗಲೆಲ್ಲ ಅದರ ಜಾಗದಲ್ಲಿ ‘-ಈತು’, ‘ಉಂಟು’, ‘ಅಡ್ಡಿಯಿಲ್ಲ’ ಇವುಗಳಲ್ಲಿ ಯಾವುದು ಕೂರುತ್ತದೆ ಎಂದು ನೋಡುವ ಅಭ್ಯಾಸ ಮಾಡಿದರೆ, ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಕಷ್ಟಪಟ್ಟು ವಿವರಿಸುವ ಭೇದವನ್ನು ಕನ್ನಡದ ಕಿವಿಯೇ ಮಾಡಿಕೊಡುತ್ತದೆ. ಬೆಂಗಳೂರಿನ ಮಾತಿನಲ್ಲಿ ‘ಬಂದೀತು’, ‘ಹೋದಾನು’ ಹೆಚ್ಚುಕಡಿಮೆ ಮಾಯವಾಗಿವೆ ಎಂಬುದು ನಿಜ. ಆದರೂ ಮೆಟ್ಟಿಲ ಮೇಲೆ ಓಡುವ ಮಗುವಿಗೆ ‘ಜೋಕೆ, ಬಿದ್ದೀಯ’ ಎನ್ನುವಾಗ ಅದು ಥಟ್ಟನೆ ನಾಲಿಗೆಗೆ ಬರುತ್ತದೆ. ಇಂಗ್ಲಿಷಿನ ತಾಯಿ ಅಲ್ಲಿ ‘ಯು ಮೈಟ್ ಫಾಲ್’ ಎನ್ನುತ್ತಾಳೆ, ‘ಯು ಕ್ಯಾನ್ ಫಾಲ್’ ಎನ್ನುವುದಿಲ್ಲ. ಕರಾವಳಿಯವರ ‘ಬರಲಿಕ್ಕೆ ಸಾಕು’ ಎಂಬ ಸೊಗಸಾದ ಮಾತಿಗೂ ಇದೇ ಸಾಲಿನಲ್ಲಿ ಸ್ಥಾನ.

ಅಂಗಡಿಯ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದಿದರೆ ಪದಾರ್ಥಗಳ ಪಟ್ಟಿಯ ಕೆಳಗೆ ‘ಮೇ ಕಂಟೇನ್ ನಟ್ಸ್’ ಎಂಬಂಥ ಸಾಲು ಎಷ್ಟೋ ಸಲ ಸಿಗುತ್ತದೆ. ಕಾರ್ಖಾನೆಯಲ್ಲಿ ಬೇರೆ ತಿಂಡಿಗೆ ಬಳಸಿದ ಗೋಡಂಬಿ, ಬಾದಾಮಿಯ ಚೂರು ಈ ಪೊಟ್ಟಣದೊಳಗೂ ಸೇರಿಕೊಂಡೀತು, ಸೇರಿಲ್ಲವೆಂದು ನಾವು ಖಾತರಿ ಕೊಡಲಾರೆವು ಎಂಬುದು ಅದರ ಅರ್ಥ. ಕೈಯಲ್ಲಿರುವ ಈ ಒಂದು ಪೊಟ್ಟಣದ ಬಗೆಗಿನ ಅನಿಶ್ಚಯವಾದ್ದರಿಂದ ಅಲ್ಲಿ ‘ಕ್ಯಾನ್’ ಹೊಂದುವುದಿಲ್ಲ.

ಈ ಚಿಕ್ಕ ಪದದ ತೂಕವನ್ನು ತಿಳಿಯಲು ಅಮೆರಿಕದ ಸಿಗರೇಟು ಪೊಟ್ಟಣಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಧೂಮಪಾನದ ಕೆಡುಕನ್ನು ಕುರಿತು ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ, ಅವರ ವರದಿ 1964ರಲ್ಲಿ ಬಂತು. ಮರುವರ್ಷದ ಕಾನೂನಿನ ಪ್ರಕಾರ 1966ರಿಂದ ಪೊಟ್ಟಣಗಳ ಮೇಲೆ ಮುದ್ರಿಸಬೇಕಾಗಿ ಬಂದ ಎಚ್ಚರಿಕೆಯಲ್ಲಿ ‘ಸಿಗರೇಟ್ ಸ್ಮೋಕಿಂಗ್ ಮೇ ಬಿ ಹಜಾರ್ಡಸ್ ಟು ಯುವರ್ ಹೆಲ್ತ್’ ಎಂದಿತ್ತು. ಅಂದರೆ ಹಾನಿಕರವಾಗಿದ್ದೀತು, ಇಲ್ಲದೆಯೂ ಇದ್ದೀತು. 1970ರ ಕಾನೂನು ಆ ‘ಮೇ ಬಿ’ಯನ್ನು ಕಿತ್ತುಹಾಕಿ ‘ಈಸ್ ಡೇಂಜರಸ್’ ಎಂದು ಮಾಡಿತು. ಒಂದು ಮೋಡಲ್ ಹೋದ ಕೂಡಲೇ ಅಂದಾಜು ಹೋಗಿ ನಿರ್ಣಯ ಬಂತು. ಇವೆರಡರ ನಡುವೆ ‘ಕ್ಯಾನ್ ಬಿ’ ಎಂಬ ಇನ್ನೊಂದು ಮೆಟ್ಟಿಲೂ ಇತ್ತು, ಹಾನಿಯಾಗುವುದುಂಟು ಎಂಬ ಅರ್ಥದಲ್ಲಿ. ಕಾನೂನು ಅದರ ಮೇಲೆ ಕಾಲಿಡದೆ ದಾಟಿತು. ನಮ್ಮ ದೇಶದ 1975ರ ಕಾಯ್ದೆ ತಂದ ‘ಈಸ್ ಇಂಜ್ಯೂರಿಯಸ್ ಟು ಹೆಲ್ತ್’ ಎಂಬ ಎಚ್ಚರಿಕೆಯಲ್ಲಾಗಲಿ, 2009ರಲ್ಲಿ ಚಿತ್ರದೊಂದಿಗೆ ಬಂದ ‘ಸ್ಮೋಕಿಂಗ್ ಕಿಲ್ಸ್’ ಎಂಬುದರಲ್ಲಾಗಲಿ ಮೋಡಲ್‌ಗೆ ಜಾಗವೇ ಇರಲಿಲ್ಲ.

‘ಮೇ’ಗೂ ‘ಮೈಟ್’ಗೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ‘ಮೇ’ ಎಂದರೆ ಶೇಕಡಾ 50, ‘ಮೈಟ್’ ಎಂದರೆ ಶೇಕಡಾ 30 ಎಂಬಂಥ ಪಟ್ಟಿಗಳನ್ನು ಕೆಲವು ಕೈಪಿಡಿಗಳು ಕೊಡುತ್ತವೆ. ಅವನ್ನು ನಂಬಬೇಡಿ. ‘ಮೈಟ್’ನಲ್ಲಿ ತುಸು ಹೆಚ್ಚು ಹಿಂಜರಿಕೆ ಇದೆ ಎನ್ನಬಹುದು, ಆಡುಮಾತಿನಲ್ಲಿ ಅದೂ ಸವೆದುಹೋಗಿ, ‘ಮೇ’ ಬರಹಕ್ಕೂ ‘ಮೈಟ್’ ಮಾತಿಗೂ ಹತ್ತಿರವಾಗಿವೆ. ನಿಶ್ಚಿತವಾದ ವ್ಯತ್ಯಾಸ ಒಂದು ಕಡೆ ಇದೆ: ಒಬ್ಬರ ಮಾತನ್ನು ಭೂತಕಾಲದಲ್ಲಿ ವರದಿ ಮಾಡುವಾಗ ‘ಮೇ’ ಇದ್ದದ್ದು ‘ಮೈಟ್’ ಆಗುತ್ತದೆ.

ನಿಷೇಧ ಬಂದಾಗ ಆಟದ ನಿಯಮವೇ ಬದಲಾಗುತ್ತದೆ. ‘ಹಿ ಮೇ ನಾಟ್ ಬಿ ಅಟ್ ಹೋಮ್’ ಎಂದರೆ ಅವನು ಮನೆಯಲ್ಲಿ ಇಲ್ಲದಿರಬಹುದು; ಇಲ್ಲಿ ‘ನಾಟ್’ ಇರುವಿಕೆಯನ್ನು ನಿಷೇಧಿಸುತ್ತದೆ, ಸಾಧ್ಯತೆ ಹಾಗೆಯೇ ಉಳಿಯುತ್ತದೆ. ‘ಹಿ ಕಾಂಟ್ ಬಿ ಅಟ್ ಹೋಮ್’ ಎಂದರೆ ಮನೆಯಲ್ಲಿರಲು ಸಾಧ್ಯವೇ ಇಲ್ಲ. ಇಲ್ಲಿ ಸಾಧ್ಯತೆಯೇ ಹೋಯಿತು. ಒಂದು ದಿನಕ್ಕೆ ಅಂದಾಜು ಮಾಡಲು ಒಲ್ಲದ ‘ಕ್ಯಾನ್’, ನಿಷೇಧದಲ್ಲಿ ಮಾತ್ರ ಹೀಗೆ ಗಟ್ಟಿ ತೀರ್ಪು ಕೊಡಲು ಮುಂದೆ ಬರುತ್ತದೆ. ಕನ್ನಡದಲ್ಲಿ ‘ಇರಲಿಕ್ಕಿಲ್ಲ’ ಎಂಬುದು ಮೊದಲನೆಯದಕ್ಕೆ ಹತ್ತಿರ. ‘ಇರಲಾರ’ ಎಂಬುದು ಎರಡರ ನಡುವೆ ತೂಗಾಡುತ್ತದೆ. ‘ಅವನು ಬರಲಾರ’ ಎಂದಾಗ ಬರುವ ಶಕ್ತಿಯಿಲ್ಲ ಎಂದೂ ಆದೀತು, ಬರುವ ಸಂಭವವಿಲ್ಲ ಎಂದೂ ಆದೀತು. ಆದ್ದರಿಂದ ‘ಲಾರ’ ಬಂದಾಗ ಇಂಗ್ಲಿಷಿಗೆ ಹಾರುವ ಮೊದಲು ನಿಮ್ಮ ಮನಸ್ಸಿನಲ್ಲಿರುವುದು ಯಾವುದೆಂದು ನಿಶ್ಚಯಿಸಿಕೊಳ್ಳಬೇಕು. ಇದರ ಪಕ್ಕದಲ್ಲೇ ಇನ್ನೊಂದು ಹೊಂಡವಿದೆ. ‘ಇದ್ದೇ ಇರುತ್ತಾನೆ’ ಎಂಬ ಬಲವಾದ ಊಹೆಗೆ ‘ಹಿ ಮಸ್ಟ್ ಬಿ ಅಟ್ ಹೋಮ್’ ಎನ್ನುತ್ತೇವಲ್ಲ, ಅದರ ವಿರುದ್ಧ ‘ಮಸ್ಟ್ ನಾಟ್’ ಎಂದುಕೊಂಡರೆ ಕೆಟ್ಟಿತು. ‘ಮಸ್ಟ್ ನಾಟ್’ ಸಾಮಾನ್ಯವಾಗಿ ‘ಕೂಡದು’ ಎಂಬ ಅಪ್ಪಣೆ. ಊಹೆಯ ‘ಮಸ್ಟ್’ಗೆ ಎದುರಾಳಿ ‘ಕಾಂಟ್’.

ಕೊನೆಯದಾಗಿ ಆಗಿಹೋದದ್ದರ ಸಾಧ್ಯತೆ. ‘ಅವನು ಬಂದಿರಬಹುದು’ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯ ಊಹೆ: ‘ಹಿ ಮೇ ಹ್ಯಾವ್ ಕಮ್’. ‘ಅವನು ಬರಬಹುದಿತ್ತು’ ಎಂಬುದು ಬರಲಿಲ್ಲವೆಂದು ಗೊತ್ತಿದ್ದೂ ಹೇಳುವ ಮಾತು: ‘ಹಿ ಕುಡ್ ಹ್ಯಾವ್ ಕಮ್’. ಕನ್ನಡದಲ್ಲಿ ಇವೆರಡೂ ಎಂದೂ ಬೆರೆಯುವುದಿಲ್ಲ. ಇಂಗ್ಲಿಷಿನಲ್ಲಿಯೋ ‘ಕುಡ್ ಹ್ಯಾವ್’ ಎರಡೂ ಕಡೆ ಓಡಾಡುತ್ತದೆ; ಪತ್ತೇದಾರಿ ಕಥೆಯಲ್ಲಿ ‘ಹಿ ಕುಡ್ ಹ್ಯಾವ್ ಕಮ್ ಥ್ರೂ ದ ವಿಂಡೋ’ ಎಂದರೆ ಕಿಟಕಿಯಿಂದ ಬಂದಿರಬಹುದು ಎಂಬ ಊಹೆಯೇ. ಕೇಳುವವರು ಸಂದರ್ಭದಿಂದ ತಿಳಿಯಬೇಕು. ನೀವು ಬರೆಯುವಾಗ ಮಾತ್ರ ‘ಇರಬಹುದು’ವಿಗೆ ‘ಮೇ ಹ್ಯಾವ್’, ‘ಬಹುದಿತ್ತು’ವಿಗೆ ‘ಕುಡ್ ಹ್ಯಾವ್’ ಎಂದು ಹಂಚಿಕೊಂಡರೆ ಸುರಕ್ಷಿತ. ಗೆಳೆಯರಿಗೆ ‘ನನಗೆ ಒಂದು ಮಾತು ಹೇಳಬಹುದಿತ್ತು’ ಎಂದು ಆಕ್ಷೇಪಿಸುವಾಗ ‘ಯು ಮೇ ಹ್ಯಾವ್ ಟೋಲ್ಡ್ ಮಿ’ ಎಂದರೆ ‘ಹೇಳಿದ್ದೀಯೋ ಏನೋ, ನನಗೆ ನೆನಪಿಲ್ಲ’ ಎಂದಾಗಿ, ಸಿಟ್ಟು ಕ್ಷಮಾಪಣೆಯಾಗಿ ಬದಲಾಗಿಬಿಡುತ್ತದೆ.

ನಿಮ್ಮಲ್ಲಿ ಹಲವರು ಮುಂದೆ ಸಾಫ್ಟ್‌ವೇರ್ ಅಥವಾ ತಯಾರಿಕಾ ಕ್ಷೇತ್ರಕ್ಕೆ ಹೋಗುವವರು. ಅಲ್ಲಿ ಈ ಪದಗಳ ಅರ್ಥವನ್ನು ಕಿವಿಗೆ ಬಿಡದೆ ನಿಯಮವಾಗಿಯೇ ಬರೆದಿಟ್ಟಿದ್ದಾರೆ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒದ ಮಾನದಂಡಗಳನ್ನು ಬರೆಯುವ ನಿರ್ದೇಶನಗಳಲ್ಲಿ ‘ಮೇ’ ಅನುಮತಿಗೆ ಮಾತ್ರ, ‘ಕ್ಯಾನ್’ ಸಾಧ್ಯತೆ ಮತ್ತು ಸಾಮರ್ಥ್ಯಕ್ಕೆ ಮಾತ್ರ. ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಿಗಾಗಿ 1997ರಲ್ಲಿ ಹೊರಬಂದ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯು ‘ಮಸ್ಟ್’, ‘ಶುಡ್’, ‘ಮೇ’ ಮುಂತಾದವುಗಳ ಅರ್ಥವನ್ನು ಹೀಗೆಯೇ ಕಟ್ಟಿಹಾಕಿದೆ. ಅದರಲ್ಲಿ ‘ಮೇ’ ಎಂದರೆ ಮಾಡಿದರೂ ಸರಿ, ಬಿಟ್ಟರೂ ಸರಿ. ‘ಬಳಕೆದಾರರು ಕಡತವನ್ನು ಅಳಿಸಬಹುದು’ ಎಂಬ ವಾಕ್ಯವನ್ನು ಇಂಥ ದಾಖಲೆಗೆ ಬರೆಯಬೇಕಾಗಿ ಬಂದರೆ, ಅಳಿಸಲು ಅವರಿಗೆ ಹಕ್ಕಿದೆಯೋ, ಅಳಿಸುವ ಸೌಲಭ್ಯ ತಂತ್ರಾಂಶದಲ್ಲಿದೆಯೋ, ಅಥವಾ ತಿಳಿಯದೆ ಅಳಿಸಿಬಿಟ್ಟಾರು ಎಂಬ ಭಯವಿದೆಯೋ ಎಂದು ಮೊದಲು ಕೇಳಿಕೊಳ್ಳಿ. ಹಕ್ಕಾದರೆ ‘ಮೇ ಡಿಲೀಟ್’, ಸೌಲಭ್ಯವಾದರೆ ‘ಕ್ಯಾನ್ ಡಿಲೀಟ್’, ಭಯವಾದರೆ ‘ಮೈಟ್ ಡಿಲೀಟ್’.